ಕರುಣಮ್ಮನ ಬೂದುಗುಂಬಳಕಾಯಿ

ಒಂದು ಬೂದುಗುಂಬಳಕಾಯಿಗೆ ಒಂದು ಲಕ್ಷ ಎಂಬತ್ತೈದು ಸಾವಿರ ರೂಪಾಯಿ ಕೊಟ್ಟ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಯಿ ಬೆಳೆದದ್ದು ಹೊಸಪೇಟೆಯ ಕಾಲುವೆ ದಂಡೆಯಲ್ಲಿರುವ ನಮ್ಮ ಚರ್ಚಿನ ಹಿಂದೆ, ಹಳೆಯ ಪಾಯಖಾನೆಯ ಮಾಡಿನ ಮೇಲೆ. ಬೆಳೆದವಳು ಕರುಣಮ್ಮ. ಆಕೆಯ ಕಥೆ ಹೇಳಲು ಹೊರಟರೆ ನಮ್ಮಂಥವರ ಬಂಡವಾಳವೂ ಬಯಲಾಗುತ್ತದೆ. ಆಗಲಿ. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಎಲ್ಲಿಗೆ ಹೊತ್ತುಕೊಂಡು ಹೋಗಲಿ?

ಕರುಣಮ್ಮ ಮಿಷನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದಳು. ಮಲಪನಗುಡಿಯ ಯೋಹಾನಪ್ಪನಿಗೆ ಕೊಟ್ಟು ಮದುವೆ ಮಾಡಿದ್ದರು. ಅವನದು ಕಾಲುವೆಯ ತೂಬು ತೆರೆದು ಮುಚ್ಚುವ ಕೆಲಸ. ಗದ್ದೆಗೆ ನೀರು ಬಿಡುವುದಕ್ಕಿಂತ ಗಂಟಲಿಗೆ ಸಾರಾಯಿ ಬಿಡುವುದರಲ್ಲಿ ಅವನಿಗೆ ನಿಷ್ಠೆ ಹೆಚ್ಚು. ನಲವತ್ತು ತುಂಬುವ ಮೊದಲೇ ಆಯುಷ್ಯ ಮುಗಿಸಿಕೊಂಡ. ಮಕ್ಕಳಿಲ್ಲ. ಕರುಣಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ ಇಪ್ಪತ್ತೆಂಟು ವರ್ಷ ದುಡಿದಳು. ಅಲ್ಲಿಯ ಆಯಾಗಳು ಕೂಸು ಹುಟ್ಟಿದೊಡನೆ ಬಾಗಿಲಲ್ಲಿ ನಿಂತು ಕೈಚಾಚುವುದು ರೂಢಿ. ಕರುಣಮ್ಮನೂ ಚಾಚುತ್ತಿದ್ದಳು, ಆದರೆ ಹೆಣ್ಣು ಹುಟ್ಟಿದವರ ಹತ್ತಿರ ಹೆಚ್ಚು ಕೇಳುತ್ತಿದ್ದಳು. "ಗಂಡು ಹುಟ್ಟಿದ್ರ ನೀವಾ ನಕ್ಕೋಂತ ಕೊಡ್ತೀರಿ. ಹೆಣ್ಣಿಗೆ ಕೇಳಿ ಇಸ್ಕೋಬೇಕು. ಇಲ್ಲಾಂದ್ರ ಅದಕ್ಕ ಬೆಲಿನಾ ಇಲ್ಲ ಅಂತ ತಿಳ್ಕೊಂತೀರಿ" ಎನ್ನುತ್ತಿದ್ದಳಂತೆ.

ನಿವೃತ್ತಿಯಾದ ಮೇಲೆ ಚರ್ಚಿನ ಹಿಂದಿನ ಒಂಟಿ ಕೋಣೆ ಆಕೆಗೆ ಸಿಕ್ಕಿತು. ಬಾಡಿಗೆ ಇಲ್ಲ, ಬದಲಿಗೆ ಕಸ ಗುಡಿಸಬೇಕು, ಭಾನುವಾರ ಗಂಟೆ ಬಾರಿಸಬೇಕು. ನಾವು ಇದನ್ನು ಧರ್ಮಕಾರ್ಯ ಎಂದು ವರ್ಷದ ವರದಿಯಲ್ಲಿ ಬರೆಯುತ್ತಿದ್ದೆವು. ಬರೆಯುತ್ತಿದ್ದವನು ನಾನೇ. ಹೈಸ್ಕೂಲಿನಲ್ಲಿ ಕನ್ನಡ ಹೇಳಿ ನಿವೃತ್ತನಾದ ಜಯಶೀಲ ಮಾಸ್ತರ್, ಆಗ ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿ. ಕರುಣಮ್ಮ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಸಸಿ ಮೇಯಲು ಬಂದ ಆಡನ್ನು ಓಡಿಸುವ ದನಿಯಲ್ಲಿ ನನ್ನನ್ನು "ಮಾಸ್ತರಾ" ಎಂದು ಕೂಗುತ್ತಿದ್ದಳು.

ಅದು ಎರಡು ಸಾವಿರದ ಏಳನೆಯ ಇಸವಿ. ಚೀನಾದವರು ನಮ್ಮ ಕೆಂಪು ಮಣ್ಣನ್ನು ಕೊಳ್ಳುತ್ತಿದ್ದಾರೆ ಎಂದು ಗೊತ್ತಾದದ್ದೇ ತಡ, ಸಂಡೂರಿನಿಂದ ಹೊಸಪೇಟೆವರೆಗೆ ತಲೆ ನೆಟ್ಟಗಿದ್ದವರು ಯಾರೂ ಉಳಿಯಲಿಲ್ಲ. ನಿನ್ನೆ ಕಂಪ್ಲಿಯ ಬಸ್ಸಿಗೆ ಚಿಲ್ಲರೆ ಹುಡುಕುತ್ತಿದ್ದವನು ಇವತ್ತು ಎರಡು ಮೊಬೈಲು ಹಿಡಿದು ಎರಡರಲ್ಲೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದ. ರಸ್ತೆಯ ಧೂಳು ಚರ್ಚಿನೊಳಗೆ ಬಂದು ಸಂಗೀತ ಪುಸ್ತಕಗಳ ಅಂಚೆಲ್ಲ ಕೆಂಪಾಗಿತ್ತು. ನಮ್ಮ ಖಜಾಂಚಿ ದೇವಪುತ್ರಪ್ಪ ಸಾಲ ಮಾಡಿ ಎರಡು ಟಿಪ್ಪರ್ ಕೊಂಡಿದ್ದ. ಪ್ರಾರ್ಥನೆಯ ವೇಳೆ ಕಣ್ಣು ಮುಚ್ಚಿದರೂ ಅವನ ಕಿವಿ ಮಾತ್ರ ಟಿಪ್ಪರಿನ ಸದ್ದಿನ ಕಡೆಗೇ.

ನವೆಂಬರಿನಲ್ಲಿ ನಮ್ಮ ಸುಗ್ಗಿ ಹಬ್ಬ. ಪ್ರತಿಯೊಂದು ಮನೆಯವರೂ ಬೆಳೆದದ್ದನ್ನೋ ಮಾಡಿದ್ದನ್ನೋ ತಂದು ಚರ್ಚಿನ ಮುಂಭಾಗದಲ್ಲಿ ಇಡುತ್ತಾರೆ: ಬಾಳೆಗೊನೆ, ಕಬ್ಬು, ಒಂದು ಕೋಳಿ, ಒಂದು ಡಬ್ಬಿ ಚಕ್ಕುಲಿ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಲ್ಲಿಯೇ ಹರಾಜು ಹಾಕುತ್ತೇವೆ. ಬಂದ ದುಡ್ಡು ಸಭೆಗೆ. ಹತ್ತು ರೂಪಾಯಿಯ ತೆಂಗಿನಕಾಯಿಗೆ ಐವತ್ತು ಕೊಟ್ಟವನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡುತ್ತಾನೆ. ನಮ್ಮ ಔದಾರ್ಯದ ಎತ್ತರ ಅಷ್ಟೇ.

ಆ ವರ್ಷ ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಮುಖ್ಯ ಅತಿಥಿಯಾಗಿ ಬಸವಕುಮಾರನನ್ನು ಕರೆದಿದ್ದರು. ಗಾದಿಗನೂರಿನ ಹತ್ತಿರ ಅವನದು ಅದಿರು ರಾಶಿ ಹಾಕುವ ದೊಡ್ಡ ಯಾರ್ಡು. ಐದು ವರ್ಷದ ಹಿಂದೆ ಅದೇ ರಸ್ತೆಯ ಮೇಲೆ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದವನು. ನಮ್ಮ ಕಾಂಪೌಂಡ್ ಗೋಡೆಯನ್ನು ಟಿಪ್ಪರುಗಳು ಮೂರು ಸಲ ಕೆಡವಿದ್ದವು. ಹಾಡು ಹೇಳಿ, ಹಾರ ಹಾಕಿ, ಗೋಡೆ ಕಟ್ಟಿಸಿಕೊಳ್ಳೋಣ ಎಂಬುದು ಸಭಾಪಾಲಕರ ಲೆಕ್ಕ. ಅವನು ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು ತೊಟ್ಟು ಬಂದ. ಜೊತೆಗೆ ಅವನ ಗೆಳೆಯ, ಮೂವತ್ತು ಲಾರಿಗಳ ಒಡೆಯ ತಿಪ್ಪೇಶ್. ಗೆಳೆಯರೆಂದರೆ ಒಬ್ಬನಿಗೆ ಹೊಟ್ಟೆನೋವು ಬಂದರೆ ಇನ್ನೊಬ್ಬನಿಗೆ ಹಸಿವಾಗುವಷ್ಟು ಗೆಳೆಯರು.

ಆ ಹಿಂದಿನ ಸೆಪ್ಟೆಂಬರಿನಲ್ಲಿ ಅವರ ಕಾಲೊನಿಯಲ್ಲಿ ಗಣಪತಿಯ ಕೈಯಲ್ಲಿದ್ದ ಲಡ್ಡನ್ನು ಹರಾಜು ಹಾಕಿದ್ದರಂತೆ. ಆಂಧ್ರದಿಂದ ಬಂದ ಪದ್ಧತಿ. ಲಡ್ಡು ಗೆದ್ದವನ ಮನೆಗೆ ವರ್ಷವಿಡೀ ಲಕ್ಷ್ಮಿ ನಡೆದುಕೊಂಡು ಬರುತ್ತಾಳೆ ಎಂದು ನಂಬಿಕೆ. ತಿಪ್ಪೇಶ್ ತೊಂಬತ್ತು ಸಾವಿರಕ್ಕೆ ಕೂಗಿ ಗೆದ್ದ. ಮರುತಿಂಗಳೇ ಅವನಿಗೆ ದೊಡ್ಡ ಸಾಗಣೆಯ ಗುತ್ತಿಗೆ ಸಿಕ್ಕಿತು. ಸೋತ ಬಸವಕುಮಾರನ ಹೊಟ್ಟೆಯಲ್ಲಿ ಆ ಲಡ್ಡು ತಿನ್ನದೆಯೇ ಕೂತಿತ್ತು.

ದೇವಪುತ್ರಪ್ಪ ಹರಾಜು ಕೂಗುತ್ತಿದ್ದ. "ಕರುಣಮ್ಮನೋರ ಬೂದುಗುಂಬಳಕಾಯಿ! ನಲವತ್ತು ರೂಪಾಯಿ, ನಲವತ್ತೈದು..." ಕಾಯಿ ನಿಜಕ್ಕೂ ಭಾರೀ ಇತ್ತು, ಒಬ್ಬನೇ ಎತ್ತಬೇಕೆಂದರೆ ತಿಣುಕಬೇಕು. ಬಸವಕುಮಾರ ನನ್ನ ಕಡೆ ಬಗ್ಗಿದ.

"ಮಾಸ್ತರ, ಇದು ನಿಮ್ಮ ದೇವರ ಮುಂದ ಇಟ್ಟಿದ್ದ ಕಾಯಿ ಏನ್ರಿ?"

"ಹೌದ್ರಿ."

"ಇದರ ಮ್ಯಾಲ ಮಂತ್ರ ಹೇಳ್ಯಾರೇನು?"

"ಪ್ರಾರ್ಥನೆ ಮಾಡ್ಯಾರ್ರಿ."

ಅಷ್ಟು ಸಾಕಾಯಿತು. "ಐದು ಸಾವಿರ!" ಎಂದ ಬಸವಕುಮಾರ. ಪಕ್ಕದಲ್ಲಿದ್ದ ತಿಪ್ಪೇಶನಿಗೆ ಚೇಳು ಕಡಿದಂತಾಗಿ "ಹತ್ತು!" ಎಂದ. ಇದು ಲಡ್ಡು ಅಲ್ಲ ಕಣಪ್ಪ, ನಮ್ಮಲ್ಲಿ ಕಾಯಿಗೆ ಯಾವ ಮಹಿಮೆಯೂ ಇಲ್ಲ, ಸಾರು ಮಾಡಿ ತಿನ್ನುತ್ತೇವೆ ಎಂದು ನಾನು ಹೇಳಬಹುದಿತ್ತು. ಸಭಾಪಾಲಕರೂ ಹೇಳಬಹುದಿತ್ತು, ಆ ದಿನ ಬೆಳಿಗ್ಗೆಯಷ್ಟೇ ಅವರು ಶಕುನ ನಂಬುವವರ ವಿರುದ್ಧ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದರು. ಇಬ್ಬರೂ ಹೇಳಲಿಲ್ಲ. ಐದೈದು ರೂಪಾಯಿ ಏರಿಸುವ ನಮ್ಮ ಜನ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಲಕ್ಷ ದಾಟಿದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಅಯ್ಯೋ, ಪಾಯಖಾನಿ ಮಾಡಿನ ಮ್ಯಾಲ ಬೆಳದಿದ್ದಪಾ ಅದು!" ಆ ಗದ್ದಲದಲ್ಲಿ ಕರುಣಮ್ಮನ ಮಾತು ಯಾರಿಗೂ ಬೇಕಾಗಿರಲಿಲ್ಲ.

ಒಂದು ಲಕ್ಷ ಎಂಬತ್ತೈದಕ್ಕೆ ತಿಪ್ಪೇಶ್ ಕೈಬಿಟ್ಟ. ಡ್ರೈವರ್ ಗಾಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ನೋಟು ತಂದ. ಬಸವಕುಮಾರ ಕಾಯಿಯನ್ನು ಸಭಾಪಾಲಕರ ಮುಂದೆ ಹಿಡಿದು, "ಇನ್ನೊಂದ್ಸಲ ಹೇಳ್ರಿ" ಎಂದ. ಸಭಾಪಾಲಕರು ಕಾಯಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅವನು ಅದನ್ನು ತಲೆಯ ಮೇಲೆ ಹೊತ್ತು ಹೋಗಿ, ತನ್ನ ಯಾರ್ಡಿನಲ್ಲಿ ಲಾರಿ ತೂಗುವ ಕಟ್ಟೆಯ ಮುಂದೆ, ಕೆಟ್ಟ ಕಣ್ಣು ತಾಗದಂತೆ ನೇತುಹಾಕಿಸಿದ.

ಆ ಸಂಜೆಯೇ ಕಮಿಟಿ ಕೂಡಿತು. ಗೇಟಿಗೆ ಗ್ರಾನೈಟಿನ ಕಮಾನು ಕಟ್ಟಿಸುವುದು, ಅದರ ಮೇಲೆ ಬಸವಕುಮಾರನ ಹೆಸರು ಕೆತ್ತಿಸುವುದು, ಉದ್ಘಾಟನೆಗೆ ಅವನನ್ನೇ ಕರೆಯುವುದು, ಆಗ ಮತ್ತಷ್ಟು ಕೀಳುವುದು ಎಂದು ಠರಾವಾಯಿತು. ಹಣ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಯಿತು. ಆ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಖಜಾಂಚಿಯ ಹತ್ತಿರ, ಇನ್ನೊಂದು ಕಾರ್ಯದರ್ಶಿಯ ಹತ್ತಿರ. ಒಬ್ಬನೇ ಕದಿಯಬಾರದು, ಕದ್ದರೆ ಇಬ್ಬರೂ ಕೂಡಿಯೇ ಕದಿಯಲಿ ಎಂಬುದು ನಮ್ಮ ಹಿರಿಯರ ಏರ್ಪಾಡು.

ಮೂರು ವಾರ ಕಳೆದಿರಬೇಕು. ಡಿಸೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಬಸವಕುಮಾರನ ಯಾರ್ಡಿನ ಬೇಲಿಗೆ ಒತ್ತಿಕೊಂಡಿದ್ದ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಲ್ಲಿದ್ದವರು ರಾಯಚೂರು ಕಡೆಯ ಹತ್ತೊಂಬತ್ತು ಸಂಸಾರಗಳು. ಅದಿರಿನ ಗಡ್ಡೆಗಳನ್ನು ಸುತ್ತಿಗೆಯಿಂದ ಒಡೆದು ಸಣ್ಣದು ಮಾಡುವುದು ಅವರ ಕೆಲಸ. ಅಂದು ಎಲ್ಲರೂ ಸುತ್ತಿಗೆಗಳನ್ನು ಗುಡಿಸಲಿನಲ್ಲಿಟ್ಟು ಲಾರಿಗೆ ಅದಿರು ತುಂಬಲು ಹೋಗಿದ್ದುದರಿಂದ ಜೀವ ಉಳಿಯಿತು, ಉಳಿದದ್ದೆಲ್ಲ ಬೂದಿ. ಕರುಣಮ್ಮನಿಗೆ ಆ ಜಾಗ ಗೊತ್ತಿತ್ತು. ಊರಮ್ಮ ಎಂಬ ಹುಡುಗಿಗೆ ಹೆರಿಗೆ ನೋವು ಬಂದಾಗ ಯಾರೋ ಬಂದು ಕರೆದಿದ್ದರು. ನಿವೃತ್ತಿಯಾದ ಆಯಾ ಟೆಂಪೋ ಹತ್ತಿ ಹೋಗಿ ಗುಡಿಸಲಿನಲ್ಲೇ ಹೆರಿಗೆ ಮಾಡಿಸಿ ಬಂದಿದ್ದಳು. ಹೆಣ್ಣುಕೂಸು. ಹೆಚ್ಚಿಗೆ ಕೇಳಿ ಇಸಿದುಕೊಂಡೂ ಇದ್ದಳು, ಇಪ್ಪತ್ತು ರೂಪಾಯಿ.

ಗುರುವಾರ ಸಂಜೆ ಕಮಾನಿನ ನಕ್ಷೆ ನೋಡಲು ಕಮಿಟಿ ಕೂತಿದ್ದಾಗ ಕರುಣಮ್ಮ ಪೊರಕೆಯ ಸಮೇತ ಒಳಗೆ ಬಂದಳು.

"ಹತ್ತೊಂಬತ್ತು ಗುಡ್ಲು ಸುಟ್ಟಾವು. ಊರಮ್ಮನ ಕೂಸಿಗೆ ಇನ್ನಾ ತಿಂಗಳು ತುಂಬಿಲ್ಲ. ಬಿಸಲಿಗೆ ನೆಳ್ಳಿಲ್ಲ ಅಂತ ನಿಂತಿದ್ದ ಟಿಪ್ಪರ್ ಅಡಿಗೆ ಸೀರಿ ತೊಟ್ಲ ಕಟ್ಯಾಳ. ಡ್ರೈವರ್ ನೋಡಲಾರದ ಗಾಡಿ ತಗದ್ರ ಏನು ಗತಿ? ಮೇಸ್ತ್ರಿ ಬ್ಯಾರೆ, ಸೋಮವಾರದೊಳಗ ಗುಡ್ಲು ಹಾಕ್ಕೊಂಡು ಸುತ್ತಿಗಿ ಹಿಡಕೊಂಡು ಬಂದ್ರ ಕೆಲಸ, ಇಲ್ಲಾಂದ್ರ ಜಾಗ ಖಾಲಿ ಮಾಡ್ರಿ, ಬ್ಯಾರೆ ಮಂದಿ ತರ್ತೀನಿ ಅಂದಾನ. ಸುತ್ತಿಗಿ ಕಾವೆಲ್ಲಾ ಸುಟ್ಟು ಬರೇ ಕಬ್ಬಣ ಉಳದಾವು. ಆ ಕುಂಬಳಕಾಯಿ ರೊಕ್ಕ ತಗೀರಿ."

ಯಾರ್ಡಿನ ಮಾಲೀಕನನ್ನೇ ಕೇಳಬೇಕು ಎಂದ ಒಬ್ಬ. "ಕೇಳ್ದೆ. ಅವ್ರು ನನ್ನ ಮಂದಿ ಅಲ್ಲ, ಮೇಸ್ತ್ರಿ ಮಂದಿ ಅಂದ. ಆ ಕುಂಬಳಕಾಯಿ ಕೆಳಗಾ ನಿಂತ್ಕೊಂಡು ಅಂದ" ಎಂದಳು ಕರುಣಮ್ಮ.

ಆಮೇಲೆ ಶುರುವಾಯಿತು ನೋಡಿ ನಮ್ಮವರ ಜಾಣತನ. ದೇವಪುತ್ರಪ್ಪನ ಎರಡೂ ಟಿಪ್ಪರು ಅದೇ ಯಾರ್ಡಿಗೆ ಓಡುತ್ತಿದ್ದವು, ಆದರೆ ಅವನು ಅದನ್ನು ಹೇಳಲಿಲ್ಲ; "ಅವ್ರು ನಮ್ಮ ಸಭೆಯೋರಲ್ಲ. ನಾವು ಹೋಗಿ ಕೊಟ್ರ ನಾಳೆ ಜಾತಿ ಕೆಡಸಾಕ ಬಂದ್ರು ಅಂತಾರ" ಎಂದ. ಸಭಾಪಾಲಕರು ಆ ಕುಟುಂಬಗಳನ್ನು ವಿಶೇಷ ಪ್ರಾರ್ಥನೆಯಲ್ಲಿ ನೆನೆಯೋಣ ಎಂದರು. ನಾನು ಏನು ಮಾಡಿದೆ ಎಂದರೆ, ನಡಾವಳಿ ಪುಸ್ತಕದಲ್ಲಿ ಚಂದದ ಅಕ್ಷರದಲ್ಲಿ 'ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ಬರೆದೆ. ಮುಂದಿನ ಸಭೆ ಇದ್ದದ್ದು ಜನವರಿಯಲ್ಲಿ.

"ಪ್ರಾರ್ಥನಿ ಮಾಡ್ರಿ, ಮಾಡ್ರಿ" ಎಂದಳು ಕರುಣಮ್ಮ. "ಟಿಪ್ಪರ್ ಡ್ರೈವರ್ ಕಿವಿಗೆ ಬೀಳೋ ಹಂಗ ಜೋರಾಗಿ ಮಾಡ್ರಿ."

ಭಾನುವಾರ ಬಂತು. ನಮ್ಮಲ್ಲಿ ಹಾಡುಗಳಾದ ಮೇಲೆ ಸಾಕ್ಷಿ ಹೇಳುವ ಸಮಯ. ಆ ವಾರ ದೇವರು ತನಗೇನು ಮಾಡಿದ ಎಂದು ಯಾರು ಬೇಕಾದರೂ ಎದ್ದು ಹೇಳಬಹುದು. ಹೇಳುವವರನ್ನು ನಡುವೆ ತಡೆಯುವಂತಿಲ್ಲ, ಸಭಾಪಾಲಕರೂ ತಡೆಯುವಂತಿಲ್ಲ. ತಡೆದರೆ ಪವಿತ್ರಾತ್ಮನ ಬಾಯಿ ಮುಚ್ಚಿದ ಹಾಗೆ. ಸಾಮಾನ್ಯವಾಗಿ ನಾಲ್ಕೈದು ಮಂದಿ ಎದ್ದು, ನೆಗಡಿ ವಾಸಿಯಾದದ್ದಕ್ಕೂ ಅಳಿಯನಿಗೆ ಸ್ಕೂಟರ್ ಸಿಕ್ಕಿದ್ದಕ್ಕೂ ಸ್ತೋತ್ರ ಹೇಳಿ ಕೂರುತ್ತಾರೆ. ಕರುಣಮ್ಮ ಇಷ್ಟು ವರ್ಷದಲ್ಲಿ ಒಂದು ಸಲವೂ ಸಾಕ್ಷಿ ಹೇಳಿರಲಿಲ್ಲ; ಆ ಹೊತ್ತಿಗೆ ಬಾಯಲ್ಲಿ ತಂಬಾಕು ಇಟ್ಟುಕೊಂಡು ತೂಕಡಿಸುತ್ತಿರುತ್ತಿದ್ದಳು. ಅಂದು ತಂಬಾಕು ಉಗುಳಿ ಬಂದು ಎದ್ದು ನಿಂತಳು.

"ಯಾರೂ ನಡಕ ಬಾಯಿ ಹಾಕಂಗಿಲ್ಲ. ಅದು ನೀವಾ ಮಾಡಿದ ರೂಲು" ಎಂದು ಶುರುಮಾಡಿದಳು. "ಈ ವಾರ ದೇವ್ರು ನನಗೇನೂ ಮಾಡಿಲ್ಲ. ನಾನು ಒಂಬತ್ತು ವರ್ಷದಾಕಿ ಇದ್ದಾಗ ಮಾಡಿದ್ದು ಹೇಳ್ತೀನಿ. ಆಗ ಇಲ್ಲಿ ಡ್ಯಾಮ್ ಕಟ್ಟಾಕ ಹತ್ತಿದ್ರು. ನಮ್ಮಪ್ಪ ನಮ್ಮವ್ವ ಆದೋನಿ ಕಡಿಯಿಂದ ಕಲ್ಲು ಒಡ್ಯಾಕ ಬಂದ್ರು. ದೇವಪುತ್ರಪ್ಪಾ, ನಿಮ್ಮಜ್ಜನೂ ಬಂದಿದ್ದ, ನಮ್ಮ ಗುಡ್ಲಿಗೆ ಹತ್ತಿ ನಿಮ್ಮ ಗುಡ್ಲು. ಜಯಶೀಲ ಮಾಸ್ತರ ಅಪ್ಪ ಚಿನ್ನಯ್ಯ ಬಂದಿದ್ದ. ಅವನ ಸುತ್ತಿಗಿ ಹೊಡ್ತ ಅಂದ್ರ ಕ್ಯಾಂಪಿಗೆಲ್ಲಾ ಕೇಳ್ತಿತ್ತು. ಇಲ್ಲಿ ಕುಂತೀರಲ್ಲ, ನೀವೆಲ್ಲಾ ಆ ಕ್ಯಾಂಪಿನ ಕೂಲಿಯೋರ ಮಕ್ಕಳು ಮೊಮ್ಮಕ್ಕಳಾ."

ದೇವಪುತ್ರಪ್ಪ ಸಂಗೀತ ಪುಸ್ತಕ ತೆರೆದು ಅದರಲ್ಲಿ ಮುಖ ಇಟ್ಟ.

"ಒಂದಿನ ಗುಡ್ಲಿಗೆಲ್ಲಾ ಬೆಂಕಿ ಬಿತ್ತು. ಉಟ್ಟ ಬಟ್ಟಿ ಮ್ಯಾಲ ಬಯಲಾಗ ಕುಂತ್ವಿ. ಕಂಪ್ಲಿಯಾಗ ಉಜ್ಜಿನಪ್ಪ ಅಂತ ಅಕ್ಕಿ ಯಾಪಾರದ ಸಾವ್ಕಾರ ಇದ್ದ. ಹಣಿ ತುಂಬ ವಿಭೂತಿ. ನಮ್ಮ ಹೆಸರು ಗೊತ್ತಿಲ್ಲ, ನಮ್ಮ ದೇವ್ರು ಗೊತ್ತಿಲ್ಲ. ಮೂರು ಬಂಡಿ ಬಿದಿರು, ಹುಲ್ಲು, ಎರಡು ಚೀಲ ಅಕ್ಕಿ ಕಳಿಸಿದ. ಗುಡ್ಲು ಹಾಕ್ಕೊಂಡು ಒಂದಿಷ್ಟು ಬಿದಿರು ಉಳೀತು. ಉಳದ ಬಿದಿರಾಗ ಒಂದು ಚಪ್ಪರ ಹಾಕಿ, ಅದರ ಕೆಳಗ ಕುಂತು ಮೊದಲನೇ ಸಲ ಹಾಡು ಹೇಳಿದ್ವಿ. ಆ ಚಪ್ಪರಾನಾ ಈ ಚರ್ಚು. ಈಗ ಇದಕ್ಕ ಕಮಾನು ಬೇಕಂತ. ಅಲ್ಲಿ ಸುತ್ತಿಗಿ ಹಿಡಿಯೋರು ಕೂಸಿನ್ನ ಟಿಪ್ಪರ್ ಅಡಿಗೆ ಮಲಗಿಸ್ಯಾರ, ಸುತ್ತಿಗಿ ಹಿಡದೋರ ಮೊಮ್ಮಕ್ಕಳು ಗ್ರಾನೈಟ್ ಬಣ್ಣ ಆರಸಾಕ ಹತ್ಯಾರ. ಕೊಡ್ಲಿ ಕಾವು ಕುಲಕ್ಕ ಸಾವು ಅಂತಾರಲ್ಲ, ಅದು ನಿಮ್ಮನ್ನ ನೋಡಿನಾ ಹೇಳಿದ್ದು. ನನ್ನ ಸಾಕ್ಷಿ ಮುಗೀತು. ಕೀಲಿ ತಗೀರಿ."

ಇಲ್ಲಿ ನಾನು ನನ್ನ ಮಾತು ಹೇಳಲೇಬೇಕು. ಸಭೆಯ ಸುವರ್ಣ ಮಹೋತ್ಸವದ ಸಂಚಿಕೆಯನ್ನು ಬರೆದವನು ನಾನು. 'ನಮ್ಮ ಸಭೆಯ ಸ್ಥಾಪಕರು ಅಣೆಕಟ್ಟಿನ ನಿರ್ಮಾಣದಲ್ಲಿ ಹಿರಿಯ ಹೊಣೆ ಹೊತ್ತಿದ್ದವರು' ಎಂದು ಬರೆದಿದ್ದೆ. ನನ್ನ ತಂದೆ ಓವರ್‌ಸಿಯರ್ ಆಗಿದ್ದರು ಎಂದು ಹೆಂಡತಿಯ ತವರಿಗೆ, ಶಾಲೆಯ ಸಹೋದ್ಯೋಗಿಗಳಿಗೆ, ನನ್ನ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ನಲವತ್ತು ವರ್ಷ ಕಾಪಾಡಿಕೊಂಡ ಸುಳ್ಳನ್ನು ಆ ಮುದುಕಿ ಮೂರು ನಿಮಿಷದಲ್ಲಿ ಗುಡಿಸಿ ಹಾಕಿದ್ದಳು. ಆಗ ನನಗೆ ಆಕೆಯ ಮೇಲೆ ಬಂದದ್ದು ಶುದ್ಧ ಸಿಟ್ಟು. ಗುಡಿಸಲು, ಕೂಸು, ಸೋಮವಾರ ಯಾವುದೂ ನೆನಪಾಗಲಿಲ್ಲ.

ದೇವಪುತ್ರಪ್ಪ ನನ್ನ ಮುಖ ನೋಡುತ್ತಾ, "ನನ್ನ ಕೀಲಿ ಐತಿ. ಮಾಸ್ತರದು ಇಲ್ಲಾಂದ್ರ ಪೆಟ್ಟಿಗಿ ತೆಗ್ಯಾಕ ಬರಂಗಿಲ್ಲ" ಎಂದ. ಅವನ ಕಣ್ಣಿನಲ್ಲಿ ಎಂಥ ಆಸೆ!

"ನಾನು ಮನ್ಯಾಗ ಬಿಟ್ಟು ಬಂದೀನಿ" ಎಂದೆ.

ಹೆಂಗಸರ ಬೆಂಚಿನಿಂದ ನನ್ನ ಹೆಂಡತಿ ಪ್ರೇಮಲೀಲಾ ಎದ್ದಳು. ಚರ್ಚಿನಲ್ಲಿ ಆಕೆ ಜೋರಾಗಿ ಮಾತಾಡಿದ್ದು ನನಗೆ ನೆನಪಿಲ್ಲ. "ಬನಿಯನ್ ಕಿಸೇದಾಗ ಐತಿ ನೋಡ್ರಿ. ಮುಂಜಾನಿ ನಾನಾ ಪಿನ್ನು ಹಾಕಿ ಕೊಟ್ಟೀನಿ" ಎಂದಳು.

ಯಾರೋ ನಕ್ಕರು. ನಾನು ಅಂಗಿಯ ಗುಂಡಿ ಬಿಚ್ಚಿ, ಪಿನ್ನು ತೆಗೆದು ಕೀಲಿ ಕೊಟ್ಟೆ.

ಆಮೇಲೆ ನಡೆದದ್ದನ್ನು ನಮ್ಮ ವರದಿ 'ಸಭೆಯ ಉದಾರ ನಿರ್ಧಾರ' ಎಂದು ಕರೆಯಿತು. ನಿರ್ಧಾರ ಮಾಡಿದವರು ಹೆಂಗಸರು. ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ಚರ್ಚಿಗೆ ತರುವುದು ಅವರ ಪದ್ಧತಿ; ಆ ಹಿಡಿ ಅಕ್ಕಿಯ ಪೀಪಾಯಿಯನ್ನೇ ಉರುಳಿಸಿಕೊಂಡು ಬಂದರು. ಒಬ್ಬಳು ಕಿವಿಯ ಓಲೆ ಬಿಚ್ಚಲು ಹೋದಾಗ ಕರುಣಮ್ಮ, "ಅದನ್ನ ಹಾಕ್ಕೊ ನೀನು, ನಾಟಕ ಮಾಡಬ್ಯಾಡ, ಮನ್ಯಾಗಿನ ಹಳೇ ಪಾತ್ರಿ ತಗೊಂಬಾ" ಎಂದು ಗದರಿದಳು. ಕಮಾನಿನ ಪಕ್ಷದವರೂ ಮುಖ ಉಳಿಸಿಕೊಳ್ಳಲು ಕಿಸೆಗೆ ಕೈ ಹಾಕಿದರು. ದೇವಪುತ್ರಪ್ಪನ ಟಿಪ್ಪರನ್ನು ಅವನ ಹೆಂಡತಿಯೇ ಕರೆಸಿದಳು. ಸಭಾಪಾಲಕರು ಬ್ಯಾನರ್ ಒಂದು ಬರೆಸೋಣ ಎಂದರು. ಅವರ ಕೈಗೆ ಪಾತ್ರೆಗಳ ಬುಟ್ಟಿ ಕೊಟ್ಟರು. ಎರಡು ಗಂಟೆಯೊಳಗೆ ಬಜಾರಿನಿಂದ ತಾಡಪಾಲು, ಬಿದಿರು, ಕಂಬಳಿ, ಸುತ್ತಿಗೆಗೆ ಹಾಕುವ ಕಟ್ಟಿಗೆಯ ಕಾವುಗಳು ಎಲ್ಲ ಏರಿದವು.

ಯಾರ್ಡು ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಬೇಲಿಯ ಪಕ್ಕದಲ್ಲಿ ಕಪ್ಪು ಬೂದಿಯ ಹತ್ತೊಂಬತ್ತು ಚೌಕಗಳು. ಸ್ವಲ್ಪ ದೂರದಲ್ಲಿ ನಿಂತ ಟಿಪ್ಪರಿನ ಅಡಿಯಲ್ಲಿ ನಿಜಕ್ಕೂ ಒಂದು ಸೀರೆಯ ತೊಟ್ಟಿಲು ತೂಗುತ್ತಿತ್ತು. ಸುದ್ದಿ ಕೇಳಿ ಬಸವಕುಮಾರ ಗಾಡಿಯಲ್ಲಿ ಹಾರಿ ಬಂದ. ಮೊದಲು ಮುಖ ಕೆಂಪಾಯಿತು. ತನ್ನ ಹೆಸರಿನ ಕಮಾನಿನ ದುಡ್ಡು ತನ್ನದೇ ಕೂಲಿಗಳ ತಲೆಯ ಮೇಲೆ ತಾಡಪಾಲಾಗಿ ಏರುವುದನ್ನು ಯಾರು ಸಹಿಸಿಯಾರು? ಆದರೆ ಮನುಷ್ಯ ವ್ಯಾಪಾರಿ. ತೂಗುವ ಕಟ್ಟೆಯ ಮುಂದೆ ನೇತಾಡುತ್ತಿದ್ದ ಕುಂಬಳಕಾಯಿಯನ್ನು ಒಮ್ಮೆ ನೋಡಿದ, ಇಳಿಯುತ್ತಿದ್ದ ಸಾಮಾನುಗಳನ್ನು ಒಮ್ಮೆ ನೋಡಿದ, ಮುಖ ಅರಳಿತು.

"ನೋಡ್ರಿ ಮಾಸ್ತರ, ಕಾಯಿ ಎಂಥ ಪವರ್! ನನ್ನ ಯಾರ್ಡಿಗೆ ಮಾಲು ತಾನಾ ಹುಡುಕ್ಕೊಂಡು ಬರಾಕ ಹತ್ತೈತಿ, ಪುಗಸಟ್ಟೆ!"

"ಹೌದಪಾ, ಭಾಳ ಪವರ್ ಐತಿ" ಎಂದಳು ಕರುಣಮ್ಮ. "ಈಗ ಆ ಟಿಪ್ಪರ್ ಕೀಲಿ ಕಿತ್ತು ನನ್ನ ಕೈಯಾಗ ಕೊಡು. ತೊಟ್ಲ ಬಿಚ್ಚೋತನಕ ಗಾಡಿ ಅಳ್ಳಾಡಬಾರ್ದು."

ಅವನು ಡ್ರೈವರನ್ನು ಕೂಗಿ ಕೀಲಿ ಕೊಡಿಸಿದ. ಊರಮ್ಮ ತೊಟ್ಟಿಲು ಬಿಚ್ಚಿ ಕೂಸನ್ನು ಕರುಣಮ್ಮನ ಮಡಿಲಿಗೆ ಹಾಕಿ, ಬಿದಿರು ನೆಡಲು ಓಡಿದಳು. ಮೊದಲನೆಯ ಗುಡಿಸಲು ಏಳುವ ಹೊತ್ತಿಗೆ ನಮ್ಮ ಗಂಡಸರೂ ನಾಚಿಕೆ ಬಿಟ್ಟು ಗುಂಡಿ ತೋಡುತ್ತಿದ್ದರು. ನನಗೆ ಗುಂಡಿ ತೋಡಲು ಬೆನ್ನಿಲ್ಲ ಎಂದು, ಊರಮ್ಮನ ಮಾವ ಹನುಮಣ್ಣನ ಪಕ್ಕ ಕೂರಿಸಿದರು. ಆ ಮುದುಕ ಬೂದಿಯಿಂದ ಆಯ್ದ ಸುತ್ತಿಗೆಯ ತಲೆಗಳಿಗೆ ಹೊಸ ಕಾವು ಕೂರಿಸುತ್ತಿದ್ದ. ಬೆಂಕಿ ಆರಿಸಲು ಹೋಗಿ ಅಂಗೈ ಸುಟ್ಟು ಬಟ್ಟೆ ಸುತ್ತಿಕೊಂಡಿದ್ದರಿಂದ ಬಿಗಿ ಸಿಕ್ಕುತ್ತಿರಲಿಲ್ಲ.

ನಾನು ಯೋಚಿಸದೆ ಒಂದನ್ನು ಕೈಗೆ ತೆಗೆದುಕೊಂಡೆ. ಕಾವಿನ ತುದಿಯನ್ನು ಸೀಳಿ, ತಲೆಯೊಳಗೆ ತೂರಿಸಿ, ಬುಡವನ್ನು ಕಲ್ಲಿಗೆ ಕುಟ್ಟಿ, ಸೀಳಿನಲ್ಲಿ ಓರೆಯಾಗಿ ಬೆಣೆ ಹೊಡೆದೆ. ಆಮೇಲೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ, ಕಟ್ಟಿಗೆ ಉಬ್ಬಿ ಹಿಡಿಯಲಿ ಎಂದು. ಏಳು ವರ್ಷದವನಿದ್ದಾಗ ಅಪ್ಪ ಸಂಜೆ ಸಂಜೆ ನನ್ನ ಕೈ ಹಿಡಿದು ಕಲಿಸಿದ್ದು. ಅರ್ಧ ಶತಮಾನದಿಂದ ಮುಟ್ಟಿರಲಿಲ್ಲ.

ಹನುಮಣ್ಣ ಆ ಸುತ್ತಿಗೆಯನ್ನು ಎತ್ತಿ ಜಾಡಿಸಿ ನೋಡಿದ. ಅಲುಗಲಿಲ್ಲ. ಅವನ ಮುಖದಲ್ಲಿ, ಬಂಧುವೊಬ್ಬ ಸಿಕ್ಕಿದಾಗ ಬರುವಂಥ ನಗೆ ಬಂತು.

"ಇದು ಗೊತ್ತಿದ್ದೋರ ಕೈ ಐತ್ರಿ ಯಪ್ಪಾ. ನಿಮ್ಮೋರೂ ಕಲ್ಲು ಒಡದೋರೇನ್ರಿ?"

ಕರುಣಮ್ಮ ಮೂರು ಮಾರು ದೂರದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಇಡೀ ಸಭೆಯ ಮುಂದೆ ಆಕೆ ನನ್ನ ಅಪ್ಪನ ಹೆಸರು ಹೇಳಿ ಇನ್ನೂ ಐದು ಗಂಟೆ ಆಗಿರಲಿಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೌದು ಎಂದಿದ್ದರೆ ಆ ಮುದುಕ ಸಂತೋಷಪಡುತ್ತಿದ್ದ, ಅಷ್ಟೇ. ನನಗೆ ಒಂದು ಪೈಸೆಯ ನಷ್ಟವಿರಲಿಲ್ಲ.

"ಇಲ್ಲ" ಎಂದೆ. "ಪುಸ್ತಕದಾಗ ಓದಿದ್ದೆ."

ಕರುಣಮ್ಮ ತಲೆಯೆತ್ತಿದಳು. ಆಕೆಗೆ ಕೇಳಿಸಿತ್ತು. ನಾನು ಕುತ್ತಿಗೆ ತಗ್ಗಿಸಿ ಕಾದೆ. ಈಗ ಬರುತ್ತದೆ, ಹತ್ತೊಂಬತ್ತು ಸಂಸಾರಗಳ ಮುಂದೆ, ಚರ್ಚಿನವರ ಮುಂದೆ, ಬಸವಕುಮಾರನ ಮುಂದೆ ಈ ಮುದುಕಿ ನನ್ನ ಚರ್ಮ ಸುಲಿಯುತ್ತಾಳೆ ಎಂದುಕೊಂಡೆ. ಸುಲಿಯಲಿ ಎಂದೂ ಎಲ್ಲೋ ಒಂದು ಕಡೆ ಅನಿಸಿತ್ತು.

ಆಕೆ ಕೂಸಿನ ಬಾಯಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಹನುಮಣ್ಣನ ಕಡೆ ತಿರುಗಿ, ನೋವು ತಿನ್ನುವ ಹೆಂಗಸರಿಗೆ ಇನ್ನೇನು ಮುಗೀತು ಎಂದು ಸಮಾಧಾನ ಹೇಳುವ ದನಿಯಲ್ಲಿ, "ಅವ್ರು ಭಾಳ ಓದ್ಯಾರ ಯಣ್ಣಾ. ಅವ್ರಪ್ಪ ಓವರ್‌ಸಿಯರ್ ಇದ್ರು" ಎಂದಳು.

ಮತ್ತೆ ಕೂಸಿನ ಕಡೆ ಬಗ್ಗಿದಳು. ನಾನು ಇನ್ನೊಂದು ಸುತ್ತಿಗೆ ಎತ್ತಿಕೊಂಡೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.